ಆಂಪ್ಲಿಫೈಯರಿನ ಆಫ್‌ಸೆಟ್ ತಿದ್ದುವ ಎರಡನೆಯ ಫೀಡ್‌ಬ್ಯಾಕ್: ಡಿಸಿ ಸರ್ವೋ ಕುರಿತ ಟಿಪ್ಪಣಿ

ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವ ಚಿಪ್ಪಾದ ಆಪ್-ಆಂಪ್‌ನ ಎರಡೂ ಇನ್‌ಪುಟ್‌ಗಳಿಗೆ ಒಂದೇ ವೋಲ್ಟೇಜ್ ಕೊಟ್ಟರೆ ಔಟ್‌ಪುಟ್ ಸೊನ್ನೆಯಾಗಿರಬೇಕು ಎಂದು ಪಾಠದಲ್ಲಿ ಓದುತ್ತೇವೆ. ಚಿಪ್ಪಿನ ಒಳಗಿನ ಜೋಡಿ ಟ್ರಾನ್ಸಿಸ್ಟರ್‌ಗಳು ಎಂದೂ ಪೂರ್ತಿ ಒಂದೇ ತೆರನಾಗಿರುವುದಿಲ್ಲವಾದ್ದರಿಂದ ನಿಜದಲ್ಲಿ ಹಾಗಾಗುವುದಿಲ್ಲ; ಔಟ್‌ಪುಟ್ಟನ್ನು ಸೊನ್ನೆಗೆ ತರಲು ಇನ್‌ಪುಟ್‌ಗಳ ನಡುವೆ ಕೊಡಬೇಕಾಗುವ ಸಣ್ಣ ವೋಲ್ಟೇಜನ್ನು ಇನ್‌ಪುಟ್ ಆಫ್‌ಸೆಟ್ ಎನ್ನುತ್ತಾರೆ. ಕಾಲೇಜು ಪ್ರಯೋಗಾಲಯಗಳಲ್ಲಿ ಇಂದಿಗೂ ಸಿಗುವ 741 ಎಂಬ ಆಪ್-ಆಂಪ್‌ನಲ್ಲಿ ಇದು ಸಾಮಾನ್ಯವಾಗಿ 1ರಿಂದ 2 ಮಿಲಿವೋಲ್ಟ್ ಇರುತ್ತದೆ. ಕೇಳಲು ಅಲ್ಪವೆನಿಸಿದರೂ, ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) 1000 ಇರುವ ಸರ್ಕ್ಯೂಟಿನಲ್ಲಿ 2 ಮಿಲಿವೋಲ್ಟ್ ಆಫ್‌ಸೆಟ್ ಔಟ್‌ಪುಟ್‌ನಲ್ಲಿ 2 ವೋಲ್ಟ್ ಆಗಿ ನಿಲ್ಲುತ್ತದೆ.

ಇಲ್ಲಿ ಹೆಚ್ಚಿನ ವಿದ್ಯಾರ್ಥಿಗಳಿಗೆ ಒಂದು ಗೊಂದಲ ಹುಟ್ಟುತ್ತದೆ: ಸರ್ಕ್ಯೂಟಿನಲ್ಲಿ ಋಣ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ವಿರುದ್ಧ ಚಿಹ್ನೆಯಲ್ಲಿ ಇನ್‌ಪುಟ್ಟಿಗೆ ಮರಳಿಸುವುದು) ಈಗಾಗಲೇ ಇದೆಯಲ್ಲ, ಅದು ಈ ತಪ್ಪನ್ನು ಏಕೆ ತಿದ್ದುವುದಿಲ್ಲ? 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಋಣ ಫೀಡ್‌ಬ್ಯಾಕನ್ನು ಕಂಡುಕೊಂಡದ್ದೇ ಟೆಲಿಫೋನ್ ಆಂಪ್ಲಿಫೈಯರುಗಳ ವಿಕೃತಿಯನ್ನು ತಗ್ಗಿಸಲೆಂದು. ಆದರೆ ಫೀಡ್‌ಬ್ಯಾಕ್ ತಗ್ಗಿಸುವುದು ಗೇನ್ ದೊರೆತ ಬಳಿಕ, ಅಂದರೆ ಔಟ್‌ಪುಟ್ ಹಂತದಲ್ಲಿ, ಸೇರಿಕೊಳ್ಳುವ ದೋಷಗಳನ್ನು. ಆಫ್‌ಸೆಟ್ ಸೇರುವುದು ಸಿಗ್ನಲ್ಲನ್ನೂ ಫೀಡ್‌ಬ್ಯಾಕನ್ನೂ ಹೋಲಿಸುವ ಇನ್‌ಪುಟ್‌ನಲ್ಲೇ. ಖಾಲಿ ಇರುವಾಗಲೇ ವಾಲಿರುವ ತಕ್ಕಡಿಯಲ್ಲಿ ಎಷ್ಟು ಜಾಗರೂಕತೆಯಿಂದ ತೂಗಿದರೂ ತೂಕ ತಪ್ಪುವಂತೆ, ಲೂಪ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಆಫ್‌ಸೆಟ್ಟನ್ನು ಸಿಗ್ನಲ್ಲೆಂದೇ ತಿಳಿದು ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ.

741ರ 1 ಮತ್ತು 5ನೆಯ ಪಿನ್‌ಗಳ ನಡುವೆ 10 ಕಿಲೋಓಮ್‌ನ ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಅದರ ನಡುಕಾಲನ್ನು ಋಣ ಸಪ್ಲೈಗೆ ಜೋಡಿಸಿ ತಿರುಗಿಸುವುದು ತಕ್ಕಡಿಯ ಹಗುರವಾದ ಕಡೆಗೆ ಸಣ್ಣ ಕಲ್ಲು ಕಟ್ಟಿದ ಹಾಗೆ. ಉಷ್ಣತೆ ಬದಲಾದರೆ ಆ ಕಲ್ಲಿನ ತೂಕ ಮತ್ತೆ ಸಾಲದಾಗುತ್ತದೆ ಅಥವಾ ಹೆಚ್ಚಾಗುತ್ತದೆ.

ಹಾಗಾದರೆ ಸಿಗ್ನಲ್ ಮತ್ತು ಆಫ್‌ಸೆಟ್ ಬೇರೆ ಬೇರೆ ಎಂದು ಸರ್ಕ್ಯೂಟಿಗೆ ತಿಳಿಸುವ ಗುರುತು ಯಾವುದು? ಹಲವು ಸಂದರ್ಭಗಳಲ್ಲಿ ಆಫ್‌ಸೆಟ್ ಬಹಳ ನಿಧಾನವಾಗಿ ಬದಲಾಗುತ್ತದೆ, ಸಿಗ್ನಲ್ ಹಾಗಲ್ಲ. ಈ ವ್ಯತ್ಯಾಸವನ್ನೇ ಹಿಡಿದು ಮುಖ್ಯ ಲೂಪಿನ ಹೊರಗೆ ಇನ್ನೊಂದು ನಿಧಾನ ಲೂಪ್ ಸುತ್ತುವುದಕ್ಕೆ ಡಿಸಿ ಸರ್ವೋ ಎನ್ನುತ್ತಾರೆ. ಔಟ್‌ಪುಟ್ಟನ್ನು ಒಂದು ಇಂಟಿಗ್ರೇಟರಿಗೆ, ಅಂದರೆ ಬಂದ ವೋಲ್ಟೇಜನ್ನು ಕಾಲದೊಡನೆ ಕೂಡಿಸುವ ಸರ್ಕ್ಯೂಟಿಗೆ, ಕೊಟ್ಟರೆ, ಔಟ್‌ಪುಟ್‌ನ ಸರಾಸರಿ ಸೊನ್ನೆಯಿಂದ ಸ್ವಲ್ಪ ಆಚೀಚೆ ಇರುವವರೆಗೂ ಅದು ಕೂಡಿಸುತ್ತಲೇ ಹೋಗಿ ವಿರುದ್ಧ ದಿಕ್ಕಿನ ವೋಲ್ಟೇಜನ್ನು ಬೆಳೆಸುತ್ತದೆ. ಸರಾಸರಿ ಸೊನ್ನೆಗೆ ಬಂದಾಗ ಬೆಳೆಯುವುದನ್ನು ನಿಲ್ಲಿಸಿ, ಆ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಸಿಜಿ ಆಂಪ್ಲಿಫೈಯರ್ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅಲ್ಲಿ ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್ ಮಾತ್ರ, ಆದರೆ ಚರ್ಮ ಮತ್ತು ಎಲೆಕ್ಟ್ರೋಡ್ ಸೇರುವಲ್ಲಿ ಹುಟ್ಟುವ ಡಿಸಿ ವೋಲ್ಟೇಜ್ 300 ಮಿಲಿವೋಲ್ಟ್‌ವರೆಗೂ ಇರಬಹುದೆಂದು ಭಾವಿಸಿ ವಿನ್ಯಾಸ ಮಾಡಬೇಕಾಗುತ್ತದೆ. ಎಡಿ620ಯಂತಹ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರಿನಲ್ಲಿ ರೆಫರೆನ್ಸ್ ಪಿನ್ ಇರುತ್ತದೆ, ಅದಕ್ಕೆ ಕೊಟ್ಟ ವೋಲ್ಟೇಜ್ ನೇರವಾಗಿ ಔಟ್‌ಪುಟ್ಟಿಗೆ ಕೂಡುತ್ತದೆ. ಔಟ್‌ಪುಟ್ಟನ್ನು ಇನ್ವರ್ಟಿಂಗ್ (ಚಿಹ್ನೆಯನ್ನು ತಲೆಕೆಳಗು ಮಾಡುವ) ಇಂಟಿಗ್ರೇಟರ್ ಮೂಲಕ ಈ ಪಿನ್ನಿಗೆ ಮರಳಿಸಿದರೆ ಇಡೀ ಸರ್ಕ್ಯೂಟ್ ನಿಧಾನವಾದ ಬದಲಾವಣೆಗಳನ್ನು ತಡೆದು ವೇಗದವನ್ನು ಬಿಡುವ ಹೈ-ಪಾಸ್ ಫಿಲ್ಟರಿನಂತೆ ವರ್ತಿಸುತ್ತದೆ. ಇಂಟಿಗ್ರೇಟರಿನ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧವನ್ನು 2 ಪೈಯಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿದರೆ ಅದರ ಕಟ್-ಆಫ್ ಆವರ್ತನ ಸಿಗುತ್ತದೆ. 1 ಮೆಗಾಓಮ್ ಮತ್ತು 3.3 ಮೈಕ್ರೋಫ್ಯಾರಡ್ ಇಟ್ಟರೆ ಕಾಲಸ್ಥಿರಾಂಕ 3.3 ಸೆಕೆಂಡ್, ಕಟ್-ಆಫ್ ಸುಮಾರು 0.048 ಹರ್ಟ್ಸ್. ರೋಗನಿರ್ಣಯದ ಇಸಿಜಿಗೆ ಬೇಕಾದ ಕೆಳಮಿತಿ 0.05 ಹರ್ಟ್ಸ್, ಆದ್ದರಿಂದ ಈ ಮೌಲ್ಯಗಳು ಹೊಂದುತ್ತವೆ. ಸಾಮಾನ್ಯ ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರಿನಲ್ಲಿ ಗ್ರೌಂಡಿಗೆ ಹೋಗುವ 1 ಕಿಲೋಓಮ್ ರೆಸಿಸ್ಟರಿಗೆ ಸರಣಿಯಾಗಿ ಕೆಪಾಸಿಟರ್ ಹಾಕಿ ಇದೇ ಕಟ್-ಆಫ್ ಪಡೆಯಲು ಸುಮಾರು 3300 ಮೈಕ್ರೋಫ್ಯಾರಡ್ ಬೇಕು. ಇಂಟಿಗ್ರೇಟರಿನ ಲಾಭ ಇಲ್ಲಿಯೇ ಕಾಣುತ್ತದೆ.

ಮೊದಲ ಹಂತದ ಗೇನನ್ನು ಮನಬಂದಂತೆ ಏರಿಸುವಂತಿಲ್ಲ. ಗೇನ್ 10 ಇದ್ದರೆ 300 ಮಿಲಿವೋಲ್ಟ್ 3 ವೋಲ್ಟ್ ಆಗುತ್ತದೆ, ಅದನ್ನು ಕಳೆಯಲು ಇಂಟಿಗ್ರೇಟರ್ ಋಣ 3 ವೋಲ್ಟ್ ಕೊಟ್ಟರೆ ಸಾಕು. ಗೇನ್ 100 ಆದರೆ 30 ವೋಲ್ಟ್ ಬೇಕು, ಅದು 12 ವೋಲ್ಟ್ ಸಪ್ಲೈಗಳ ಶಕ್ತಿಗೆ ಮೀರಿದ್ದು. ಹೀಗಾಗಿ ಮೊದಲು 10, ಎರಡನೆಯ ಹಂತದಲ್ಲಿ 100 ಎಂದು ಹಂಚುತ್ತಾರೆ. ಎರಡೂ ಹಂತಗಳನ್ನು ಒಂದೇ ಸರ್ವೋದೊಳಗೆ ತರೋಣವೆಂದು ಇಂಟಿಗ್ರೇಟರಿಗೆ ಕೊನೆಯ ಔಟ್‌ಪುಟ್ಟನ್ನು ಕೊಟ್ಟರೆ ಲೂಪಿನ ಗೇನ್ 100 ಪಟ್ಟು ಏರಿ, ಕಟ್-ಆಫ್ ಕೂಡ 100 ಪಟ್ಟು ಮೇಲಕ್ಕೆ, ಸುಮಾರು 5 ಹರ್ಟ್ಸ್‌ಗೆ ಸರಿಯುತ್ತದೆ. ಇಸಿಜಿಯಲ್ಲಿ ಎಸ್‌ಟಿ ಭಾಗ ನಿಧಾನವಾದದ್ದು, ಹೃದಯಾಘಾತದ ಸುಳಿವು ಸಿಗುವುದು ಅಲ್ಲೇ. ಕಟ್-ಆಫ್ ಹೀಗೆ ಏರಿದರೆ ಅದರ ಆಕಾರ ಕೆಡುತ್ತದೆ. ನಿಧಾನವಾದ ಸಿಗ್ನಲ್ಲಿಗೂ ಆಫ್‌ಸೆಟ್ಟಿಗೂ ಇರುವ ಭೇದ ಸರ್ವೋಗೆ ತಿಳಿಯುವುದಿಲ್ಲ.

ತಿದ್ದುವವನಲ್ಲೂ ತಪ್ಪಿರುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಔಟ್‌ಪುಟ್ ಬಂದು ನಿಲ್ಲುವುದು ಸೊನ್ನೆಯಲ್ಲಲ್ಲ, ಇಂಟಿಗ್ರೇಟರಿನ ಆಪ್-ಆಂಪ್‌ನ ಸ್ವಂತ ಆಫ್‌ಸೆಟ್‌ಗೆ ಅದರ ಬಯಾಸ್ ಕರೆಂಟ್ (ಇನ್‌ಪುಟ್ ಪಿನ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಮತ್ತು ರೆಸಿಸ್ಟರಿನ ಗುಣಲಬ್ಧ ಸೇರಿದ ಮೌಲ್ಯದಲ್ಲಿ. ಓಪಿ07 ಎಂಬ ಆಪ್-ಆಂಪ್‌ನ ಆಫ್‌ಸೆಟ್ ಬಹಳ ಕಡಿಮೆ, ಹತ್ತಾರು ಮೈಕ್ರೋವೋಲ್ಟ್‌ಗಳಷ್ಟೇ. ಆದರೆ ಅದರ 2 ನ್ಯಾನೋಆಂಪಿಯರ್ ಬಯಾಸ್ ಕರೆಂಟ್ 1 ಮೆಗಾಓಮ್‌ನಲ್ಲಿ ಹರಿದರೆ 2 ಮಿಲಿವೋಲ್ಟ್ ಹುಟ್ಟಿ ಆ ಒಳ್ಳೆಯತನವನ್ನೆಲ್ಲ ನುಂಗಿಬಿಡುತ್ತದೆ. ಟಿಎಲ್072 ಎಂಬ ಇನ್ನೊಂದರಲ್ಲಿ ಬಯಾಸ್ ಕರೆಂಟ್ ಪೈಕೋಆಂಪಿಯರ್‌ಗಳಲ್ಲಿದ್ದರೂ ಆಫ್‌ಸೆಟ್ಟೇ ಸುಮಾರು 3 ಮಿಲಿವೋಲ್ಟ್ ಇರುತ್ತದೆ. ದತ್ತಾಂಶ ಹಾಳೆಯ ಒಂದೇ ಸಾಲನ್ನು ನೋಡಿ ಚಿಪ್ ಆರಿಸುವವರು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. ಕೆಪಾಸಿಟರ್ ಕೂಡ ಸೋರಿಕೆ ಕಡಿಮೆ ಇರುವ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಬಗೆಯದಾಗಿರಲಿ, ಎಲೆಕ್ಟ್ರೋಲಿಟಿಕ್ ಬೇಡ.

ಎಲೆಕ್ಟ್ರೋಡ್ ಅಲುಗಿ ಮೊದಲ ಹಂತದ ಔಟ್‌ಪುಟ್‌ನಲ್ಲಿ 3 ವೋಲ್ಟ್ ಜಿಗಿತ ಬಂದರೆ ಅದು 10 ಮಿಲಿವೋಲ್ಟ್‌ಗೆ ಇಳಿಯಲು 5.7 ಕಾಲಸ್ಥಿರಾಂಕಗಳು, ಅಂದರೆ ಸುಮಾರು 19 ಸೆಕೆಂಡ್ ಬೇಕು. ಅಷ್ಟು ಹೊತ್ತು ಕಾಯಲಾಗದ ಕಡೆ ಇಂಟಿಗ್ರೇಟರಿನ ರೆಸಿಸ್ಟರಿಗೆ ಸಮಾಂತರವಾಗಿ ಸಣ್ಣ ರೆಸಿಸ್ಟರೊಂದನ್ನು ಸ್ವಿಚ್ಚಿನ ಮೂಲಕ ಕ್ಷಣಕಾಲ ಸೇರಿಸುತ್ತಾರೆ.

ಬ್ರೆಡ್‌ಬೋರ್ಡಿನ ಮೇಲೆ ನನ್ನ ಮೊದಲ ಸರ್ವೋದ ಔಟ್‌ಪುಟ್ ಪವರ್ ಕೊಟ್ಟೊಡನೆ ಸಪ್ಲೈ ವೋಲ್ಟೇಜಿಗೆ ಹೋಗಿ ಅಂಟಿಕೊಂಡಿತು. ಕಾರಣ ಚಿಹ್ನೆ: ಲೂಪನ್ನು ಒಂದು ಸುತ್ತು ಹಾಕಿ ಬರುವಾಗ ತಲೆಕೆಳಗಾಗುವ ಹಂತಗಳ ಸಂಖ್ಯೆ ಬೆಸವಾಗಿರಬೇಕು. ತಿದ್ದುವಿಕೆಯನ್ನು ಮುಖ್ಯ ಆಂಪ್ಲಿಫೈಯರಿನ ಇನ್ವರ್ಟಿಂಗ್ ಇನ್‌ಪುಟ್ಟಿಗೆ ಕೊಡುವುದಾದರೆ ಇಂಟಿಗ್ರೇಟರ್ ನಾನ್-ಇನ್ವರ್ಟಿಂಗ್ ಬಗೆಯದಾಗಿರಬೇಕು. ನಾನು ಅದನ್ನು ಮರೆತಿದ್ದೆ.

ಉಷ್ಣತೆ ಅಳೆಯುವ ಥರ್ಮೋಕಪಲ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಕೆ ಬಗೆಯ ಥರ್ಮೋಕಪಲ್ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ, ಆ ಸಿಗ್ನಲ್ಲೇ ಡಿಸಿ. ಸರ್ವೋ ಹಾಕಿದರೆ ಅಳತೆಯೇ ಅಳಿಸಿಹೋಗುತ್ತದೆ. ಅಲ್ಲಿ ಆಟೋ-ಝೀರೋ ಆಂಪ್ಲಿಫೈಯರುಗಳು ಆವರ್ತನದ ಬದಲು ಸಮಯದ ಭೇದವನ್ನು ಬಳಸುತ್ತವೆ: ಒಂದು ಕ್ಷಣ ಇನ್‌ಪುಟ್‌ಗಳನ್ನು ಸೇರಿಸಿ ಕಂಡ ದೋಷವನ್ನು ಕೆಪಾಸಿಟರಿನಲ್ಲಿ ಉಳಿಸಿಕೊಂಡು, ಮರುಕ್ಷಣ ಅಳೆಯುವಾಗ ಅದನ್ನು ಕಳೆಯುತ್ತವೆ.