ಅಕ್ಷರಶೈಲಿ ಬದಲಿಸಿದರೆ ಅಕ್ಷರ ಬದಲಾಗುವುದಿಲ್ಲ

ತರಗತಿಗೊಂದು ಜಾಲತಾಣ ಮಾಡಿಕೊಳ್ಳಲು ಹೊರಟ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗೂಗಲ್ ಸೈಟ್ಸ್‌ನಲ್ಲಿ ಪುಟ ತೆರೆಯುವುದಾಗಲಿ, ಚಿತ್ರ ಸೇರಿಸುವುದಾಗಲಿ ಅವರಿಗೆ ಕಷ್ಟವಲ್ಲ. ಹೆಚ್ಚಿನವರು ಎಡವುವುದು ವರ್ಷಗಟ್ಟಲೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಗಳನ್ನು ಜಾಲತಾಣಕ್ಕೆ ತರುವಾಗ. ಅಂಟಿಸಿದ ಕೂಡಲೇ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಆಗ ವರ್ಡ್ ಕಡತವನ್ನೇ ಡ್ರೈವ್‌ಗೆ ಏರಿಸಿ ಅದರ ಕೊಂಡಿ ಕೊಡುತ್ತಾರೆ. ಮಕ್ಕಳು ಓದಲಾಗುತ್ತಿಲ್ಲ ಎಂದರೆ, "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತದಲ್ಲ ಸರ್" ಎಂದು ನನ್ನನ್ನು ಕೇಳುತ್ತಾರೆ.

ಕಾಣುತ್ತದೆ, ಏಕೆಂದರೆ ಅಲ್ಲಿ ನುಡಿಯ ಅಕ್ಷರಶೈಲಿ (ಫಾಂಟ್) ಇದೆ. ಹಳೆಯ ನುಡಿ ಕಡತದಲ್ಲಿ 'ಕನ್ನಡ' ಎಂದು ಬರೆದಾಗ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಪೌಂಡ್ ಚಿಹ್ನೆ ಮುಂತಾದ ಏಳು ಸಂಕೇತಗಳು. ಅಕ್ಷರಶೈಲಿಯು ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿ ತೋರಿಸುತ್ತದೆ. ಅದಿಲ್ಲದ ಫೋನು ಸಂಕೇತಗಳನ್ನು ಇದ್ದ ಹಾಗೆಯೇ ತೋರಿಸುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಾದರೆ 'ಕ' ಎಂಬ ಅಕ್ಷರಕ್ಕೇ ಸ್ವಂತ ಸಂಖ್ಯೆಯಿದೆ, ದಶಮಾನ ಎಣಿಕೆಯಲ್ಲಿ ಅದು 3221. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ. ಆದ್ದರಿಂದ ಹಳೆಯ ಪಠ್ಯವನ್ನು ಆಯ್ದುಕೊಂಡು ಅದರ ಅಕ್ಷರಶೈಲಿಯನ್ನು ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿಗೆ ಬದಲಿಸಿದ ಮಾತ್ರಕ್ಕೆ ಅದು ಯೂನಿಕೋಡ್ ಆಗುವುದಿಲ್ಲ. ಒಳಗಿನ ಸಂಖ್ಯೆಗಳೇ ಬದಲಾಗಬೇಕು. ಇದನ್ನು ನಾನು ಪ್ರತಿ ತರಬೇತಿಯಲ್ಲೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ, ಆದರೂ ಮಧ್ಯಾಹ್ನದ ಹೊತ್ತಿಗೆ ಯಾರಾದರೊಬ್ಬರು ತುಂಗಾ ಹಾಕಿಕೊಂಡು ಕುಳಿತಿರುತ್ತಾರೆ. ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದೂ ಏನಿಲ್ಲ; ನುಡಿಯಲ್ಲಿ ಬಳಸುತ್ತಿದ್ದ, ಕೆ.ಪಿ. ರಾವ್ ರೂಪಿಸಿದ ಅದೇ ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು.

ಇಷ್ಟು ಹೇಳಿದ ಮೇಲೆ ಕೆಲವರು ಪಿಡಿಎಫ್ ಮಾಡುತ್ತಾರೆ, ಇನ್ನು ಕೆಲವರು ಪುಟದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಕಣ್ಣಿಗೆ ಅದು ಕನ್ನಡವೇ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಮಗು 'ದ್ಯುತಿಸಂಶ್ಲೇಷಣೆ' ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಒಂದು ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಹೀಗೆಯೇ ಹತ್ತನೆಯ ತರಗತಿಯ ಟಿಪ್ಪಣಿಗಳನ್ನೆಲ್ಲ ಪಿಡಿಎಫ್ ಮಾಡಿ ಬಹಳ ಅಕ್ಕರೆಯಿಂದ ಜೋಡಿಸಿಟ್ಟಿದ್ದರು. ಅವರ ತರಗತಿಯಲ್ಲಿ ದೃಷ್ಟಿ ತೀರಾ ಮಂದವಾದ ಹುಡುಗನೊಬ್ಬನಿದ್ದ. ಅವನು ಪಾಠಗಳನ್ನು ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದುವ ಫೋನಿನ ಟಾಕ್‌ಬ್ಯಾಕ್ ಸೌಲಭ್ಯ ಓದುವುದನ್ನು ಕೇಳಿಯೇ ಕಲಿಯುತ್ತಿದ್ದ. ಆ ಪುಟಗಳನ್ನು ತೆರೆದಾಗ ಫೋನು ಓದಿದ್ದು ಇಂಗ್ಲಿಷ್ ಅಕ್ಷರಗಳ ಹೆಸರುಗಳನ್ನು ಮಾತ್ರ. ಅದನ್ನು ಆ ಶಿಕ್ಷಕಿಗೆ ನಾನು ಕೇಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅಂದೇ ಸಂಜೆ ಪರಿವರ್ತನೆಗೆ ಕುಳಿತರು.

ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವು ಬಹುಮಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತವೆ ಎಂದಷ್ಟೇ ಹೇಳಬಲ್ಲೆ, ಕಣ್ಣುಮುಚ್ಚಿ ನಂಬಿ ಎನ್ನಲಾರೆ. ಮೂಲ ಕಡತವನ್ನು ಅಳಿಸದೆ ಒಂದೊಂದೇ ಪಾಠವನ್ನು ಪರಿವರ್ತಿಸಿ ಓದಿ ನೋಡಬೇಕು. ನಡುವೆ ಬರುವ ಇಂಗ್ಲಿಷನ್ನೂ ಪರಿವರ್ತಕ ನುಡಿಯೆಂದೇ ಭಾವಿಸಬಹುದು. ನೀರಿನ ಸೂತ್ರದಲ್ಲಿ ಎಚ್ ಇದ್ದಲ್ಲಿ 'ಊ', ಓ ಇದ್ದಲ್ಲಿ 'ಔ' ಬಂದಿರುವುದನ್ನು ಈ ಶಿಕ್ಷಕಿಯ ಟಿಪ್ಪಣಿಯಲ್ಲಿಯೇ ನೋಡಿದ್ದೇನೆ. ಅರ್ಕಾವತ್ತಿನ ಮೇಲೂ ಕಣ್ಣಿರಲಿ. ಹಳೆಯ ಕಡತದಲ್ಲಿ ಅದು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಹಿಂದುಮುಂದಿನಲ್ಲಿ 'ಸೂರ್ಯ', 'ವರ್ಣ'ಗಳಂಥ ಪದಗಳು ಕೆಲವೊಮ್ಮೆ ಕೆಡುತ್ತವೆ.

ಆ ಶಿಕ್ಷಕಿ ದಿನಕ್ಕೊಂದು ಪಾಠದಂತೆ ಮುಗಿಸಿದರು. ಬೆಳಕಿನ ಪಾಠವನ್ನು ಹಾಕಿದ ಮರುದಿನ ಅದೇ ಹುಡುಗ ಬಂದು, "ಟೀಚರ್, ಎರಡನೇ ಪ್ಯಾರಾದಲ್ಲಿ ಸೂರ್ಯ ಅನ್ನೋದನ್ನ ಫೋನು ತಪ್ಪಾಗಿ ಓದ್ತಿದೆ" ಎಂದನಂತೆ. ಅವರು ತೆರೆದು ನೋಡಿದರೆ ಅಲ್ಲಿ 'ಸೂಯ್ರ' ಎಂದಿತ್ತು.