ಚಿಕ್ಕ ಕ್ಲಿನಿಕ್ಕಿಗೆ ಹೋಗುವವರ ದಮ್ಮು ಚಿಕ್ಕದೇ ಇರಬೇಕು ಅಂತೇನಿಲ್ಲ

ಸಿಒಪಿಡಿ, ಅಂದರೆ ಉಸಿರಿನ ಕೊಳವೆಗಳು ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರನ್ನು ‘ಹೇಗಿದ್ದೀರಿ?’ ಅಂತ ಕೇಳಿ ನೋಡಿ. ತುಂಬ ಜನ ‘ಪರವಾಗಿಲ್ಲ’ ಅನ್ನುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ ಅಂತ ಮಹಡಿಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ಬೇಗ ಬೇಗ ನಡೆಯುವವರ ಜೊತೆ ಹೊರಡುವುದಿಲ್ಲ. ಸ್ನಾನವನ್ನು ಕೂತುಕೊಂಡೇ ಮುಗಿಸುತ್ತಾರೆ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದ ಮೇಲೆ ಏದುಸಿರು ಬರುವ ಸಂದರ್ಭವೇ ಕಡಿಮೆಯಾಗುತ್ತದೆ, ಆಗ ಕಾಯಿಲೆಯೂ ಹಿಡಿತದಲ್ಲಿದೆ ಅನ್ನಿಸುತ್ತದೆ. ಅವರಿಗಷ್ಟೇ ಅಲ್ಲ, ಅವರ ಡಾಕ್ಟರಿಗೂ.

ಇದೇನು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಸುಮಾರು 35 ಲಕ್ಷ ಜನ ಇದರಿಂದ ಸತ್ತರು, ಅಂದರೆ ಒಟ್ಟು ಸಾವುಗಳಲ್ಲಿ ಶೇ 5ರಷ್ಟು. ಬೀಡಿ ಸಿಗರೇಟು, ಒಲೆಯ ಹೊಗೆ, ಕೆಲಸದ ಜಾಗದ ದೂಳು ಇವೆಲ್ಲ ವರ್ಷಗಟ್ಟಲೆ ಒಳಗೆ ಹೋಗಿ ಉಸಿರಿನ ಕೊಳವೆಗಳು ಕಿರಿದಾಗುತ್ತವೆ, ಗಾಳಿಚೀಲಗಳ ತೆಳು ಗೋಡೆಗಳು ಹರಿದುಹೋಗುತ್ತವೆ. ಹೀಗೆ ಹಾಳಾದದ್ದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಪತ್ತೆಗೆ ಸ್ಪೈರೋಮೆಟ್ರಿ ಇದೆ, ಅಂದರೆ ಒಂದು ಉಪಕರಣಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ. ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯ ಇಂಥ ಉಪಕರಣದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದು 1846ರಲ್ಲೇ ಪ್ರಕಟಿಸಿದ್ದ, ಅಷ್ಟು ಹಳೆಯ ವಿದ್ಯೆ ಇದು. ಈಗ ಮೊದಲು ಕೊಳವೆ ಹಿಗ್ಗಿಸುವ ಔಷಧ ಕೊಟ್ಟು, ಆಮೇಲೆ ಜೋರಾಗಿ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದದ್ದು ಶೇ 70ಕ್ಕಿಂತ ಕಡಿಮೆಯಿದ್ದರೆ, ರೋಗದ ಲಕ್ಷಣಗಳೂ ಇದ್ದರೆ, ಸಿಒಪಿಡಿ ಅನ್ನುತ್ತಾರೆ. ಆ ಮೊದಲ ಸೆಕೆಂಡಿನ ಗಾಳಿ ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತರಿಗೆ ಹೋಲಿಸಿದರೆ ಎಷ್ಟಿದೆ ಅಂತ ನೋಡಿ ನಾಲ್ಕು ದರ್ಜೆ ಮಾಡುತ್ತಾರೆ. ಶೇ 80 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, 30ಕ್ಕಿಂತ ಕೆಳಗಿದ್ದರೆ ನಾಲ್ಕನೆಯದು.

ಈ ಸಂಖ್ಯೆಗೆ ನಾವು ಸ್ವಲ್ಪ ಜಾಸ್ತಿಯೇ ಮರ್ಯಾದೆ ಕೊಟ್ಟಿದ್ದೇವೆ ಅನ್ನಿಸುತ್ತದೆ ನನಗೆ. ಶೇ 45 ಇರುವ ಇಬ್ಬರನ್ನು ತಗೊಳ್ಳಿ. ಒಬ್ಬರು ಇನ್ನೂ ಕೆಲಸಕ್ಕೆ ಹೋಗುತ್ತಿರುತ್ತಾರೆ, ಇನ್ನೊಬ್ಬರಿಗೆ ಬಟ್ಟೆ ಹಾಕಿಕೊಳ್ಳುವುದರಲ್ಲೇ ಸಾಕಾಗಿರುತ್ತದೆ. ಹೀಗೇಕೆ ಅಂದರೆ, ಈ ಕಾಯಿಲೆಯಲ್ಲಿ ಕಷ್ಟ ಇರುವುದು ಗಾಳಿ ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದರಲ್ಲಿ. ಸುಮ್ನೆ ಕೂತಿದ್ದಾಗ ನಿಧಾನಕ್ಕೆ ಬಿಡಲು ಸಮಯ ಇರುತ್ತದೆ. ಎದ್ದು ನಾಲ್ಕು ಹೆಜ್ಜೆ ಬೇಗ ಹಾಕಿದರೆ ಉಸಿರಾಟದ ವೇಗ ಏರುತ್ತದೆ, ಹಳೆಯ ಗಾಳಿ ಪೂರ್ತಿ ಹೋಗುವ ಮೊದಲೇ ಹೊಸದನ್ನು ಎಳೆದುಕೊಳ್ಳಬೇಕಾಗುತ್ತದೆ. ಬಸ್ಸಿನಿಂದ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದ ಹಾಗೆ. ಎದೆ ಉಬ್ಬಿಕೊಂಡೇ ಇರುತ್ತದೆ, ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರು ಎಳೆಯುವ ಸ್ನಾಯು, ವಪೆ, ಚಪ್ಪಟೆಯಾಗಿ ಅದರ ಬಲ ಕುಂದುತ್ತದೆ, ಇನ್ನು ಎಳೆದುಕೊಳ್ಳಲು ಒಳಗೆ ಜಾಗವೇ ಇಲ್ಲ ಅನ್ನುವಂಥ ಹಿಂಸೆ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವಾಗ, ಕೈ ಮೇಲೆತ್ತಿ ತಲೆ ಬಾಚುವಾಗ ಇದು ಇನ್ನೂ ಹೆಚ್ಚು. ಸ್ಪೈರೋಮೀಟರಿನ ಮುಂದೆ ಕೂತು ಊದುವಾಗ ಇದ್ಯಾವುದೂ ಕಾಣುವುದಿಲ್ಲ. ಓಡಾಟ ಕಡಿಮೆಯಾಗಿ ಸೊರಗಿದ ತೊಡೆಯ ಮಾಂಸಖಂಡ, ಜೊತೆಗಿರುವ ಹೃದಯದ ತೊಂದರೆ, ಭಯ, ನಿದ್ದೆಗೆಟ್ಟ ರಾತ್ರಿಗಳು ಕೂಡ ಕಾಣುವುದಿಲ್ಲ.

ಹಾಗಾಗಿ ರೋಗಿಯನ್ನೇ ಕೇಳಬೇಕು, ಆದರೆ ‘ಹೇಗಿದ್ದೀರಿ’ ಅಂತಲ್ಲ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಪಾಲ್ ಜೋನ್ಸ್ ಮತ್ತು ಸಂಗಡಿಗರು 1992ರಲ್ಲಿ 50 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಸಂಶೋಧನೆಗೆ ಚೆನ್ನಾಗಿತ್ತು, ಆದರೆ ಹೊರಗೆ ಜನ ಕಾಯುತ್ತಿರುವಾಗ 50 ಪ್ರಶ್ನೆ ಕೇಳುತ್ತಾ ಕೂರುವ ಡಾಕ್ಟರು ಯಾರು? 2009ರಲ್ಲಿ ಇದೇ ಜೋನ್ಸ್ ತಂಡ ಕ್ಯಾಟ್ ಎಂಬ ಎಂಟೇ ಪ್ರಶ್ನೆಗಳ ಪರೀಕ್ಷೆ ತಂದಿತು. ಒಂದೊಂದು ಸಾಲಿನ ಎಡತುದಿಯಲ್ಲಿ ‘ನನಗೆ ಕೆಮ್ಮೇ ಇಲ್ಲ’ ಅನ್ನುವಂಥ ಮಾತು, ಬಲತುದಿಯಲ್ಲಿ ‘ಯಾವಾಗಲೂ ಕೆಮ್ಮುತ್ತಿರುತ್ತೇನೆ’ ಅನ್ನುವಂಥದ್ದು, ನಡುವೆ 0ಯಿಂದ 5ರವರೆಗೆ ಅಂಕ. ಕೆಮ್ಮು, ಕಫ, ಎದೆ ಬಿಗಿತ, ಮೆಟ್ಟಿಲು ಹತ್ತುವಾಗಿನ ಏದುಸಿರು, ಇವು ನಾಲ್ಕು. ಉಳಿದ ನಾಲ್ಕು ಮನೆಯೊಳಗಿನ ಕೆಲಸ, ಮನೆಯಿಂದ ಹೊರಗೆ ಹೋಗುವ ಧೈರ್ಯ, ನಿದ್ದೆ, ಶಕ್ತಿ. ಒಟ್ಟು 40. ಹೆಚ್ಚು ಬಂದಷ್ಟೂ ಕಷ್ಟ ಹೆಚ್ಚು, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಲೇಬೇಕು. ನನಗೆ ಹಿಡಿಸಿದ್ದು ಆ ಧೈರ್ಯದ ಪ್ರಶ್ನೆ. ದಾರಿಯಲ್ಲಿ ಉಸಿರು ಸಿಕ್ಕದೆ ಹೋದರೆ ಅಂತ ಹೆದರಿ ಮನೆಯಲ್ಲೇ ಉಳಿದವರು, ಬೇರೆ ರೀತಿ ಕೇಳಿದ್ದರೆ ಅದನ್ನು ಹೇಳುತ್ತಲೇ ಇರಲಿಲ್ಲ.

ಈಗ ಕುಟುಂಬ ವೈದ್ಯರ ಹತ್ತಿರ ಹೋಗುವವರು, ಶ್ವಾಸಕೋಶ ತಜ್ಞರ ಹತ್ತಿರ ಹೋಗುವವರು, ಕಸರತ್ತು, ಉಸಿರಾಟದ ತರಬೇತಿ ಕೊಡುವ ರಿಹ್ಯಾಬಿಲಿಟೇಶನ್ ಕೇಂದ್ರ ಸೇರಿದವರು, ಈ ಮೂರು ಕಡೆಯವರಿಗೂ ಇವೇ ಪ್ರಶ್ನೆ ಕೊಟ್ಟರೆ? ನೆದರ್ಲ್ಯಾಂಡ್ಸ್‌ನಲ್ಲಿ ಹಾಗೆ ನೋಡಿದ ಒಂದು ಅಧ್ಯಯನ 2016ರಲ್ಲಿ ಬಂತು. ಸರಾಸರಿ ತೆಗೆದರೆ ನಾವು ಅಂದುಕೊಂಡ ಹಾಗೇ ಇತ್ತು, ಕುಟುಂಬ ವೈದ್ಯರ ಕಡೆಯವರು ಉಳಿದವರಿಗಿಂತ ವಾಸಿ. ಆದರೆ ಸರಾಸರಿ ಬಿಟ್ಟು ಒಬ್ಬೊಬ್ಬರನ್ನೇ ನೋಡಿದರೆ ಗೆರೆಗಳು ಕಲಸಿಹೋಗುತ್ತವೆ. ಕುಟುಂಬ ವೈದ್ಯರ ರೋಗಿಗಳಲ್ಲೂ ಸಾಕಷ್ಟು ಜನರಿಗೆ ತೀವ್ರ ತೊಂದರೆ ಇತ್ತು.

ಯೋಚಿಸಿದರೆ ಇದು ಆಶ್ಚರ್ಯವಲ್ಲ. ಯಾರು ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ಬರೀ ಕಾಯಿಲೆ ತೀರ್ಮಾನಿಸುವುದಿಲ್ಲ ಅಲ್ವಾ. ಆಸ್ಪತ್ರೆ ಎಷ್ಟು ದೂರ, ಯಾರು ಕರೆದುಕೊಂಡು ಹೋಗುತ್ತಾರೆ, ಖರ್ಚು ಯಾರದ್ದು, ಡಾಕ್ಟರು ಚೀಟಿ ಬರೆದುಕೊಟ್ಟರಾ, ಇವೆಲ್ಲ ಸೇರುತ್ತವೆ. ‘ವಯಸ್ಸಾಯ್ತು, ಇಷ್ಟೇ’ ಅಂತ ಸುಮ್ಮನಾದವರು ತಜ್ಞರವರೆಗೆ ಹೋಗುವುದೇ ಇಲ್ಲ. ಚಿಕ್ಕ ಕ್ಲಿನಿಕ್ಕಿನಲ್ಲಿ ಇದ್ದಾರೆ ಅಂದಮೇಲೆ ಕಾಯಿಲೆಯೂ ಚಿಕ್ಕದು ಅಂದುಕೊಳ್ಳುವುದು ಇಂಥವರಿಗೇ ಹೊಡೆತ.

ರಿಹ್ಯಾಬಿಲಿಟೇಶನ್ ವಿಷಯ ಇನ್ನೂ ಸ್ವಾರಸ್ಯದ್ದು. ಮಾಮೂಲಾಗಿ ಆರೆಂಟು ವಾರ, ನಡಿಗೆ, ಸೈಕಲ್, ಕೈಕಾಲಿಗೆ ಕಸರತ್ತು, ತುಟಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡುವುದು, ಇನ್ಹೇಲರನ್ನು ಸರಿಯಾಗಿ ಎಳೆಯುವುದು ಇಷ್ಟೇ. ಕೊನೆಗೆ ಊದಿಸಿದರೆ ಸ್ಪೈರೋಮೆಟ್ರಿಯ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಆದರೂ ಜನ ಹೆಚ್ಚು ದೂರ ನಡೆಯುತ್ತಾರೆ, ಏದುಸಿರು ಇಳಿಯುತ್ತದೆ, ಕ್ಯಾಟ್ ಅಂಕವೂ ಇಳಿಯುತ್ತದೆ. 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳನ್ನು ಒಟ್ಟಿಗೆ ನೋಡಿ ಲಾಭ ಇದೆ ಅಂತ ಖಚಿತವಾಗಿ ಹೇಳಿತು. ಶ್ವಾಸಕೋಶ ಇದ್ದ ಹಾಗೇ ಇದ್ದು ಬದುಕು ಸುಧಾರಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆದರೂ ಅರ್ಹರಾದವರಲ್ಲಿ ತೀರಾ ಕೆಲವರೇ ಅಲ್ಲಿಗೆ ಹೋಗುವುದು. ಔಷಧ ಬರೆಯುವಷ್ಟು ಸಲೀಸಾಗಿ ಕಸರತ್ತು ಬರೆಯುವುದಿಲ್ಲ ಯಾರೂ.

ಆಸ್ಪತ್ರೆಯ ಹಾಸಿಗೆಯದ್ದು ಬೇರೆ ಕಥೆ. ಸೋಂಕು ತಗುಲಿ ಕಾಯಿಲೆ ಉಲ್ಬಣಿಸಿದಾಗ ಆಕ್ಸಿಜನ್, ನೆಬ್ಯುಲೈಸರ್, ಸ್ಟೆರಾಯ್ಡ್ ಕೊಟ್ಟು ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಮನೆಗೆ ಬಂದರು ಅಂದರೆ ಗುಣವಾದರು ಅಂತ ಎಲ್ಲರೂ ತಿಳಿಯುತ್ತಾರೆ. 2000ದಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ಹೀಗೆ ಉಲ್ಬಣಿಸಿದ ನಾಲ್ಕು ಸಲದಲ್ಲಿ ಒಂದು ಸಲ 35 ದಿನ ಕಳೆದರೂ ಊದುವ ವೇಗ ಹಿಂದಿನ ಮಟ್ಟಕ್ಕೆ ಬಂದಿರಲಿಲ್ಲ. ಮನೆಗೆ ಬಂದ ಆ ಮೊದಲ ವಾರಗಳಲ್ಲೇ ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಜಾಸ್ತಿ.

ಕೊನೆಯ ಹಂತದವರ ಬಗ್ಗೆ ಅದೇ 2000ದಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ ಬಂತು. ತೀವ್ರ ಸಿಒಪಿಡಿಯ 50 ಜನ, ಶ್ವಾಸಕೋಶದ ಕ್ಯಾನ್ಸರಿನ 50 ಜನ. ಆತಂಕ, ಖಿನ್ನತೆ, ದಿನನಿತ್ಯದ ಕಷ್ಟ ಸಿಒಪಿಡಿಯವರಲ್ಲೇ ಹೆಚ್ಚಿತ್ತು. ಆದರೆ ನೋವು ಸಂಕಟ ಕಡಿಮೆ ಮಾಡುವ ಉಪಶಮನ ತಜ್ಞರ ಆರೈಕೆ ಕ್ಯಾನ್ಸರಿನವರಲ್ಲಿ ಶೇ 30 ಜನರಿಗೆ ಸಿಕ್ಕಿತ್ತು, ಸಿಒಪಿಡಿಯವರಲ್ಲಿ ಒಬ್ಬರಿಗೂ ಇಲ್ಲ.

ಮನೆಯಲ್ಲಿ ಯಾರಿಗಾದರೂ ಸಿಒಪಿಡಿ ಇದ್ದರೆ, ಕ್ಯಾಟ್‌ನ ಆ ಎಂಟು ಪ್ರಶ್ನೆಗಳಿಗೆ ಆರಾಮಾಗಿರುವ ದಿನ ಉತ್ತರ ಬರೆಸಿ, ಕೆಳಗೆ ತಾರೀಖು ಹಾಕಿ. ರೋಗವಿಲ್ಲದವರಿಗೂ ನಾಲ್ಕಾರು ಅಂಕ ಬರಬಹುದು, ಹೃದಯದ ತೊಂದರೆ ಅಥವಾ ರಕ್ತಹೀನತೆ ಇದ್ದರೂ ಏರಬಹುದು, ಹಾಗಾಗಿ ಒಂದು ಸಲದ ಅಂಕ ನೋಡಿ ಗಾಬರಿ ಬೇಡ. ಕೆಲವು ತಿಂಗಳ ಮೇಲೆ ಮತ್ತೆ ಬರೆಸಿದಾಗ 2 ಅಂಕ ಅಥವಾ ಇನ್ನೂ ಹೆಚ್ಚು ಏರಿದ್ದರೆ ಆ ಹಾಳೆಯನ್ನೇ ಡಾಕ್ಟರ ಮುಂದಿಡಿ, ತಜ್ಞರನ್ನು ನೋಡಬೇಕಾ, ರಿಹ್ಯಾಬಿಲಿಟೇಶನ್ನಿಗೆ ಬರೆದುಕೊಡುತ್ತೀರಾ ಅಂತ ನೇರವಾಗಿ ಕೇಳಿ.