ಪದ ಪರಿಚಯ: ಏಷ್ಯನ್ ಗೇಮ್ಸ್

ಏಷ್ಯಾ ಖಂಡದ ದೇಶಗಳು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರಿ ಆಡುವ ದೊಡ್ಡ ಕ್ರೀಡಾಕೂಟವೇ ಏಷ್ಯನ್ ಗೇಮ್ಸ್. ಏಷ್ಯಾಡ್ ಅಂತಲೂ ಕರೆಯುತ್ತಾರೆ. ‘ಏಷ್ಯಾದ ಒಲಿಂಪಿಕ್ಸ್’ ಅಂತ ಹೇಳಿ ಮುಗಿಸುವವರೇ ಜಾಸ್ತಿ. ಆದರೆ ಇದು ಹುಟ್ಟಿದ ಕಾಲವನ್ನೂ ನೋಡಬೇಕು. ಆಗತಾನೇ ಸ್ವತಂತ್ರವಾಗಿದ್ದ ದೇಶಗಳು ತಮ್ಮದೇ ಒಂದು ಅಂಗಳ ಬೇಕೆಂದು ಮುಂದೆ ನಿಂತು ಕಟ್ಟಿದ ಕೂಟ ಇದು.

ಇದಕ್ಕೂ ಮೊದಲು 1913ರಿಂದ 1934ರವರೆಗೆ ಫಿಲಿಪೀನ್ಸ್, ಚೀನಾ, ಜಪಾನ್ ಸೇರಿ ದೂರಪೂರ್ವದ ಕೂಟವೊಂದನ್ನು ನಡೆಸುತ್ತಿದ್ದವು. ಇಡೀ ಖಂಡಕ್ಕೆ ಒಂದೇ ಕೂಟ ಬೇಕೆಂದು ಪಟ್ಟು ಹಿಡಿದವರು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ. 1948ರ ಲಂಡನ್ ಒಲಿಂಪಿಕ್ಸ್ ವೇಳೆ ಅವರು ಏಷ್ಯಾದ ತಂಡಗಳ ಮುಖ್ಯಸ್ಥರನ್ನು ಕೂರಿಸಿ ಮಾತಾಡಿದರು. ಮರುವರ್ಷ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಫೆಡರೇಷನ್ ಹುಟ್ಟಿತು. 1951ರ ಮಾರ್ಚ್‌ನಲ್ಲಿ ಅದೇ ದೆಹಲಿಯಲ್ಲಿ 11 ದೇಶಗಳ ಮೊದಲ ಕೂಟ ನಡೆಯಿತು. ಯುದ್ಧದ ಕಾರಣಕ್ಕೆ ಲಂಡನ್‌ಗೆ ಕರೆಯದೆ ಬಿಟ್ಟಿದ್ದ ಜಪಾನ್‌ಗೆ ಇಲ್ಲಿ ಜಾಗ ಸಿಕ್ಕಿತು. ಅತಿ ಹೆಚ್ಚು ಚಿನ್ನ ಗೆದ್ದದ್ದೂ ಅದೇ! ಭಾರತಕ್ಕೆ ಎರಡನೇ ಸ್ಥಾನ. 100 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಸಚಿನ್ ನಾಗ್ ನಮ್ಮ ಮೊದಲ ಚಿನ್ನ ತಂದರು.

ಎಲ್ಲರನ್ನೂ ಕರೆಯಬೇಕು ಅನ್ನುವ ಈ ಮಾತಿಗೆ ದೊಡ್ಡ ಪೆಟ್ಟು ಬಿದ್ದದ್ದು 1962ರ ಜಕಾರ್ತಾದಲ್ಲಿ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಇಂಡೋನೇಷ್ಯಾ ವೀಸಾ ಕೊಡಲಿಲ್ಲ. ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯುವುದು ಸರಿಯಲ್ಲ ಎಂದರು ಸೋಂಧಿ. ಜನ ರೊಚ್ಚಿಗೆದ್ದು ಭಾರತದ ರಾಯಭಾರ ಕಚೇರಿಗೇ ನುಗ್ಗಿದರು. ಫುಟ್ಬಾಲ್ ಫೈನಲ್‌ನಲ್ಲಿ ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿತ್ತು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ಆದರೂ ಜರ್ನೈಲ್ ಅವರನ್ನು ಫಾರ್ವರ್ಡ್ ಆಗಿ ಇಳಿಸಿದರು ಕೋಚ್ ಸೈಯದ್ ಅಬ್ದುಲ್ ರಹೀಂ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು ಗೋಲು. ದಕ್ಷಿಣ ಕೊರಿಯಾ ವಿರುದ್ಧ 2–1ರ ಗೆಲುವು. ಭಾರತದ ಫುಟ್ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ದಿನ ನನಗಂತೂ ಕಾಣುವುದಿಲ್ಲ.

ಯಾರು ಒಳಗೆ, ಯಾರು ಹೊರಗೆ ಅನ್ನುವ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಹಳೆಯ ಫೆಡರೇಷನ್ ಜಾಗಕ್ಕೆ ಏಷ್ಯಾ ಒಲಿಂಪಿಕ್ ಮಂಡಳಿ ಬಂದಾಗ ಇಸ್ರೇಲ್‌ಗೆ ಅದರಲ್ಲಿ ಸ್ಥಾನ ಸಿಗಲಿಲ್ಲ. ಆ ದೇಶ ಈಗ ಯುರೋಪಿನ ಕೂಟಗಳಲ್ಲಿ ಆಡುತ್ತದೆ. 1974ರಲ್ಲಿ ಮೊದಲ ಬಾರಿ ಬಂದ ಚೀನಾ, 1982ರ ದೆಹಲಿ ಕೂಟದಿಂದ ಪದಕಪಟ್ಟಿಯ ಮೊದಲ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1994ರ ಹಿರೋಷಿಮಾ ಕೂಟಕ್ಕೆ ಕಜಕಸ್ತಾನ, ಉಜ್ಬೇಕಿಸ್ತಾನದಂಥ ದೇಶಗಳೂ ಬಂದವು.

ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲದ ಆಟಗಳಿಗೂ ಇಲ್ಲಿ ಪದಕ ಉಂಟು. ಕಾಲಲ್ಲೇ ಚೆಂಡು ಒದ್ದು ನೆಟ್ ದಾಟಿಸುವ ಸೆಪಕ್ ಟಕ್ರಾ, ಚೀನಾದ ಸಮರಕಲೆ ವುಶು, ನಮ್ಮ ಕಬಡ್ಡಿ. 1990ರ ಬೀಜಿಂಗ್‌ನಲ್ಲಿ ಕಬಡ್ಡಿ ಸೇರಿದ ಮೇಲೆ ಪುರುಷರ ಚಿನ್ನ ಸತತ ಏಳು ಬಾರಿ ಭಾರತದ್ದೇ ಆಗಿತ್ತು. 2018ರಲ್ಲಿ ಇರಾನ್ ಅದನ್ನು ಕಸಿದುಕೊಂಡಿತು, ಮಹಿಳೆಯರ ಚಿನ್ನವನ್ನೂ ಗೆದ್ದಿತು. ಮುಂದಿನ ಹಾಂಗ್‌ಝೌ ಕೂಟದಲ್ಲಿ ಭಾರತ ಎರಡನ್ನೂ ಮರಳಿ ಗೆದ್ದಿತು.